ಶೂ ಸ್ಪ್ರೇ ಬಾತ್‌ರೂಮಲ್ಲಿ ಬೇಡ

2006ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೋ’ ಅಂತ ಬಾತ್‌ರೂಮ್ ಸ್ಪ್ರೇ ಬಂತು. ಗಾಜು, ಟೈಲ್ಸ್ ಮೇಲೆ ಕೊಳೆ ಕೂರಬಾರದು ಅಂತ. ಕೆಲವೇ ದಿನದಲ್ಲಿ ಸುಮಾರು 100 ಜನಕ್ಕೆ ಕೆಮ್ಮು, ಉಸಿರಾಟದ ತೊಂದರೆ. 6 ಜನ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು. ಎಲ್ಲರೂ ನ್ಯಾನೋ ಕಣವನ್ನೇ ಬೈದರು. ಪರೀಕ್ಷಿಸಿದರೆ, ಅದರಲ್ಲಿ ನ್ಯಾನೋ ಕಣವೇ ಇರಲಿಲ್ಲ!

ಪಂಪ್ ಬಾಟಲಿಯಲ್ಲಿ ಮಾರಿದಾಗ ಇಂಥ ದೂರು ಇರಲಿಲ್ಲ. ಗ್ಯಾಸ್ ಕ್ಯಾನ್‌ನಿಂದ ಬರೋ ಹನಿ ತೀರಾ ಸಣ್ಣದು. 10 ಮೈಕ್ರಾನ್‌ಗಿಂತ ಚಿಕ್ಕದಾದರೆ ಶ್ವಾಸಕೋಶದ ಗಾಳಿಚೀಲದವರೆಗೂ ಇಳಿಯಬಹುದು. ಆ ಚೀಲ ಕುಸಿಯದಂತೆ ಕಾಯೋ ತೆಳುಪದರವನ್ನ ನೀರು ತಡೆಯೋ ಪಾಲಿಮರ್ ಕೆಡಿಸುತ್ತೆ.

ಪುಣೆ, ಮುಂಬೈ ಮಳೆಗೆ ಮುಂಚೆ ನಾವು ಶೂಗೆ ಹೊಡೆಯೋ ವಾಟರ್‌ಪ್ರೂಫ್ ಸ್ಪ್ರೇನೂ ಇದೇ ಜಾತಿ. ಬಾಲ್ಕನಿಗೆ ಹೋಗಿ ಹೊಡೀರಿ. ಬಟ್ಟೆ ಮಾಸ್ಕ್ ನಂಬಬೇಡಿ. ಕೆಮ್ಮು ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು. ಆಗ ಕ್ಯಾನ್ ಹಿಡ್ಕೊಂಡೇ ಡಾಕ್ಟರ್ ಹತ್ರ ಹೋಗಿ.