ಡಿಕ್ಲರೇಶನ್ ಇನ್ನೂ ಆಗಲಿಲ್ಲ



ಅನಿವಾಸಿಗಳ ಕಣ್ಣಲ್ಲಿ ತಾಯ್ನಾಡಿನ ರಾಜಕೀಯ ಎನ್ನುವುದು ಈ ವಿಚಾರ ಸಂಕಿರಣದ ವಿಷಯ. ಐವತ್ತು ವರ್ಷ ಹೊರಗಿದ್ದವನಿಗೆ ಊರಿನ ಬಗ್ಗೆ ಅಭಿಪ್ರಾಯಗಳಿಗೇನೂ ಬರವಿಲ್ಲ. ಅವನ್ನು ಬದಿಗಿಟ್ಟು, ನನಗೆ ಅರ್ಥವಾಗದೆ ಹೋದ ಒಂದು ಚುನಾವಣೆಯ ಮಾತು ಹೇಳುತ್ತೇನೆ.

ಪುತ್ತೂರಿನ ಕಡೆಯ ನಾನು 1973ರಲ್ಲಿ ಓದಲು ಷಿಕಾಗೊಗೆ ಹೋದೆ. 1975ರ ಜೂನ್ 25ರಂದು ಭಾರತದಲ್ಲಿ ತುರ್ತು ಪರಿಸ್ಥಿತಿ ಬಂತು. ಅಮೆರಿಕದಲ್ಲಿದ್ದ ಕೆಲವರು 'ಇಂಡಿಯನ್ಸ್ ಫಾರ್ ಡೆಮಾಕ್ರಸಿ' ಕಟ್ಟಿ ಬೀದಿಗಿಳಿದರು. ಮುಂದೆ ಕರ್ನಾಟಕದ ಹೋರಾಟಗಳಲ್ಲಿ ಹೆಸರಾದ ಎಸ್.ಆರ್. ಹಿರೇಮಠ ಅವರಲ್ಲೊಬ್ಬರು. ಷಿಕಾಗೊದಲ್ಲೇ ಓದುತ್ತಾ ಪ್ರತಿಭಟನೆಗಿಳಿದ ಆನಂದ್ ಕುಮಾರ್ ಅವರ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ ರದ್ದು ಮಾಡಿತು. ನಾನು ಹಿಂದಿನ ಸಾಲಿನವನು. ಫಲಕ ಹಿಡಿಯುತ್ತಿದ್ದೆ, ಯಾರಾದರೂ ಕ್ಯಾಮೆರಾ ಎತ್ತಿದರೆ ಅದೇ ಫಲಕ ಮುಖಕ್ಕೆ ಮರೆಯಾಗುತ್ತಿತ್ತು.

ಅಪ್ಪನಿಂದ ನೀಲಿ ಏರೋಗ್ರಾಮ್ ಬರುತ್ತಿತ್ತು. ಮಳೆ, ಅಡಿಕೆಯ ಕೊಳೆರೋಗ, ತಂಗಿಗೆ ಬಂದ ಸಂಬಂಧ. ಕೊನೆಗೊಂದು ಸಾಲು: 'ಡಿಕ್ಲರೇಶನ್ ಇನ್ನೂ ಆಗಲಿಲ್ಲ.' ಸೆನ್ಸಾರಿಗೆ ಹೆದರಿ ಅಪ್ಪ ರಾಜಕೀಯ ಬರೆಯುತ್ತಿಲ್ಲ ಎಂದುಕೊಂಡು ನಾನು ಗೆಳೆಯರಿಗೂ ಹಾಗೇ ಹೇಳಿದ್ದೆ.

ಆ ಕೊನೆಯ ಸಾಲೇ ಅವರ ರಾಜಕೀಯವಾಗಿತ್ತು. ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಭೂಮಿ ತಮ್ಮದಾಗಬೇಕಾದರೆ ಗೇಣಿಗೆ ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಡಬೇಕಿತ್ತು, ಭೂ ನ್ಯಾಯಮಂಡಳಿ ವಿಚಾರಿಸಬೇಕಿತ್ತು. ಆಗ ಅದರ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ನಮ್ಮ ಕಡೆ ಈ ಅರ್ಜಿ ಕೊಡುವುದಕ್ಕೆ 'ಡಿಕ್ಲರೇಶನ್ ಹಾಕುವುದು' ಎನ್ನುತ್ತಾರೆ. ಧಣಿಗಳ ಚಾವಡಿಯ ಮೆಟ್ಟಿಲನ್ನೂ ಹತ್ತದಿದ್ದ ಅಪ್ಪ, ತಾಲೂಕು ಕಚೇರಿಯಲ್ಲಿ ಅವರದೇ ಬೆಂಚಿನ ಮೇಲೆ ಕೂತು ತಮ್ಮ ಹೆಸರು ಕರೆಯುವುದನ್ನು ಕಾದರು. ಕೂತದ್ದು ತುದಿಯಲ್ಲೇ, ಆ ಮಾತು ಬೇರೆ.

1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ನಮ್ಮ ಕೋಣೆಯಲ್ಲಿ ಪಾಯಸವಾಯಿತು. ಪಾಯಸ ಆರುವಷ್ಟರಲ್ಲಿ ಕರ್ನಾಟಕದ ಲೆಕ್ಕ ಸಿಕ್ಕಿತು: 28ರಲ್ಲಿ 26 ಕ್ಷೇತ್ರ ಕಾಂಗ್ರೆಸ್ಸಿಗೆ. ಸಿಟ್ಟಿನಿಂದ ಅಪ್ಪನಿಗೆ ಬರೆದೆ. ತಿಂಗಳ ಮೇಲೆ ಉತ್ತರ ಬಂತು: 'ಓಟು ಹಾಕಿದೆ ಮಗಾ. ಯಾರಿಗೆಂದು ಕೇಳಬೇಡ. ಡಿಕ್ಲರೇಶನ್ ಪಾಸಾಯಿತು.'

ಹಾಗೆಂದು ಬೀದಿಗಿಳಿದವರು ತಪ್ಪು ಮಾಡಿದರು ಎನ್ನಲಾರೆ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾಗಿ ಬೆಂಗಳೂರಿನ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿಯವರ ಅಸ್ತಮಾ ಉಲ್ಬಣಿಸಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಆ ಜೈಲು ಯಾರ ಸರ್ಕಾರದ್ದು? ಅಪ್ಪನಿಗೆ ಭೂಮಿ ಕೊಟ್ಟ ಅರಸರದ್ದೇ. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡಲು ಷಿಕಾಗೊದಿಂದ ನನಗೆ ಆಗಲಿಲ್ಲ. ಊರಿನಿಂದ ಅಪ್ಪನಿಗೆ ಆಗಿತ್ತೋ ಏನೋ, ಕೇಳಲಿಲ್ಲ.

ಈಗ ಹೊರಗಿದ್ದವರಿಗೂ ಓಟಿದೆ. 2010ರ ತಿದ್ದುಪಡಿಯಿಂದ ಭಾರತದ ಪೌರತ್ವ ಬಿಡದವರು ಹೆಸರು ನೋಂದಾಯಿಸಬಹುದು, ಆದರೆ ಖುದ್ದು ಬಂದೇ ಹಾಕಬೇಕು. 2024ರ ಲೋಕಸಭಾ ಚುನಾವಣೆಗೆ ಸುಮಾರು 1.2 ಲಕ್ಷ ಜನ ನೋಂದಾಯಿಸಿದ್ದರು. ಬಂದವರು 3,000ಕ್ಕೂ ಕಡಿಮೆ, ಬಹುಪಾಲು ಕೇರಳದವರು. ಕೇರಳದಿಂದ ಹೋಗಿ ಕೊಲ್ಲಿಯಲ್ಲಿ ದುಡಿಯುವವರು ಎಷ್ಟು ವರ್ಷ ಇದ್ದರೂ ಕೊನೆಗೆ ಊರಿಗೇ ಮರಳಬೇಕಾದವರು. ಅಲ್ಲಿನ ಪಂಚಾಯತಿ, ಆಸ್ಪತ್ರೆ, ರೇಷನ್ ಎಲ್ಲ ಅವರ ಮನೆಯ ವಿಷಯ. ನನ್ನ ಬಳಿ ಇರುವುದು ಭಾರತದ ಪೌರತ್ವ ಬಿಟ್ಟವರಿಗೆ ಕೊಡುವ ಒಸಿಐ ಕಾರ್ಡು. ಅದರಲ್ಲಿ ಓಟಿಲ್ಲ, ವಾಟ್ಸ್ಆ್ಯಪ್ಪಿನಲ್ಲಿ ಮಾತ್ರ ನನ್ನ ದನಿ ದೊಡ್ಡದು.

ಯಾವ ದೇಶದಲ್ಲಿರುವ ಯಾರು ಯಾವ ಪಕ್ಷಕ್ಕೆ ಎಷ್ಟು ಹಣ ಕಳಿಸಿದರು ಎಂಬುದನ್ನು ಸಂಶೋಧಕರಾದ ನೀವು ಹೇಗೂ ಎಣಿಸುತ್ತೀರಿ. ಜೊತೆಗೆ, ಊರಿನಿಂದ ಹೋದ ಪತ್ರಗಳನ್ನೂ ಓದಿ. ಅಪ್ಪನ 41 ಏರೋಗ್ರಾಮುಗಳನ್ನು ತಂದಿದ್ದೇನೆ, ಮಧ್ಯಾಹ್ನದ ಗೋಷ್ಠಿಯವರು ನೋಡಬಹುದು. ಕೈಬರಹ ಕಷ್ಟ. ಓದಲಾಗದ ಕಡೆ ನನ್ನನ್ನು ಕರೆಯಿರಿ, ಹಿಂದಿನ ಸಾಲಿನಲ್ಲೇ ಕೂತಿರುತ್ತೇನೆ.