ಮನೆಯ ರೋಗಿ: ಆಯಾಗೆ ಯಾವ ಕೆಲಸ, ನರ್ಸಿಗೆ ಯಾವ ಕೆಲಸ?

(ಮಹಿಳಾ ವಿಭಾಗದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವಳು. ಆದರೆ ಈ ವಿಷಯ ಮುಂಬಯಿಯ ನಮ್ಮೆಲ್ಲರ ಮನೆಯದು. ಗಂಡ-ಹೆಂಡತಿ ಇಬ್ಬರೂ ಬೆಳಗಿನ ಲೋಕಲ್ ಹಿಡಿಯಬೇಕು, ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿರುತ್ತಾರೆ. ಬ್ಯೂರೋಗೆ ಫೋನು ಮಾಡಿ 12 ಗಂಟೆಯ ಪಾಳಿಗೆ ಒಬ್ಬರನ್ನು ಕರೆಸುತ್ತೇವೆ. ಬಂದವರನ್ನು ‘ಸಿಸ್ಟರ್’ ಎನ್ನುತ್ತೇವೆ. ಅವರು ನರ್ಸೋ, ಆಯಾನೋ ಎಂದು ಕೇಳುವವರು ಕಡಿಮೆ.

ವ್ಯತ್ಯಾಸ ದೊಡ್ಡದು. ಎ.ಎನ್.ಎಂ. 2 ವರ್ಷದ ಓದು, ಜಿ.ಎನ್.ಎಂ. 3 ವರ್ಷ, ಬಿ.ಎಸ್‌ಸಿ. ನರ್ಸಿಂಗ್ 4 ವರ್ಷ. ಓದಿದ ಮೇಲೆ ರಾಜ್ಯದ ಕೌನ್ಸಿಲ್‌ನಲ್ಲಿ, ಇಲ್ಲಾದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ, ಹೆಸರು ನೋಂದಾಯಿಸಬೇಕು. ಆಯಾಗಳಲ್ಲಿ ಕೆಲವರು ಕೆಲವು ತಿಂಗಳ ತರಬೇತಿ ಪಡೆದಿರುತ್ತಾರೆ. ಹಲವರು ಕೆಲಸ ಮಾಡುತ್ತಲೇ ಕಲಿತವರು. ಅದು ಅವರ ತಪ್ಪಲ್ಲ. ಯಾವ ಕೆಲಸ ಯಾರದೆಂದು ನಮಗೆ ಗೊತ್ತಿರಬೇಕು, ಅಷ್ಟೇ.

ಆಯಾಗೆ ಧೈರ್ಯವಾಗಿ ಒಪ್ಪಿಸಬಹುದಾದವು: ಮೈ ಒರೆಸುವುದು, ಬಾಯಿ ಶುಚಿ ಮಾಡುವುದು, ಹಾಸಿಗೆ ಬಟ್ಟೆ ಮತ್ತು ಡೈಪರ್ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ನುಂಗಲು ತೊಂದರೆ ಇಲ್ಲದವರಿಗೆ ಊಟ ಮಾಡಿಸುವುದು, ಕೈಹಿಡಿದು ನಡೆಸುವುದು, ಮೂತ್ರದ ಚೀಲ ಖಾಲಿ ಮಾಡಿ ಎಷ್ಟಿತ್ತೆಂದು ಬರೆಯುವುದು, ಜ್ವರ ಮತ್ತು ಬಿ.ಪಿ. ನೋಡಿ ಬರೆದಿಡುವುದು.

ಒಪ್ಪಿಸಲೇಬಾರದವು: ರಕ್ತನಾಳಕ್ಕೆ ಇಂಜೆಕ್ಷನ್, ಡ್ರಿಪ್ ಹಾಕುವುದು, ಮೂತ್ರದ ನಳಿಕೆ ಅಥವಾ ಮೂಗಿನ ನಳಿಕೆ ತೂರಿಸುವುದು, ಆಳವಾದ ಗಾಯದ ಡ್ರೆಸಿಂಗ್, ಔಷಧದ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು. ‘ಇವತ್ತು ಸ್ವಲ್ಪ ಮಂಕಾಗಿದ್ದಾರೆ, ಡಾಕ್ಟರಿಗೆ ಹೇಳಬೇಕೇ ಬೇಡವೇ’ ಎಂಬ ತೀರ್ಮಾನವೂ ಈ ಪಟ್ಟಿಯಲ್ಲೇ ಇದೆ.

ಇವೆರಡರ ನಡುವೆ ಕಷ್ಟದ ಜಾಗವಿದೆ. ಮೂಗಿನ ನಳಿಕೆಯಿಂದ ಆಹಾರ ಕೊಡುವುದು ನೋಡಲು ಸುಲಭ. ಆದರೆ ನಳಿಕೆ ಜರುಗಿದ್ದರೆ ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ರೋಗಿಯನ್ನು ಮಲಗಿಸಿಯೇ ಕೊಟ್ಟರೂ ಅಪಾಯ. ಇಂಥ ಕೆಲಸವನ್ನು ನರ್ಸ್ ಒಬ್ಬರು ಮನೆಗೆ ಬಂದು, ಅದೇ ರೋಗಿಯ ಮೇಲೆ ಕಲಿಸಿ, ಎದುರು ನಿಂತು ಮಾಡಿಸಿ ನೋಡಿದ ಮೇಲಷ್ಟೇ ಬಿಡಬೇಕು. ಅದೂ ಮನೆಯವರಲ್ಲಿ ಒಬ್ಬರು ಜೊತೆಗೆ ಕಲಿತ ಮೇಲೆ.

ನಮ್ಮ ಅತ್ತೆಯವರಿಗೆ ಸೊಂಟದ ಆಪರೇಷನ್ ಆದಾಗ ಬ್ಯೂರೋದವರು ‘ಟ್ರೇನ್ಡ್ ನರ್ಸ್’ ಎಂದೇ ಒಬ್ಬ ಹುಡುಗಿಯನ್ನು ಕಳಿಸಿದರು. ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆಯುತ್ತಿತ್ತು. ನೋಂದಣಿ ಸಂಖ್ಯೆ ಕೇಳಿದೆ. ಅವಳು ತಲೆ ತಗ್ಗಿಸಿ, “ದೀದಿ, ನಾನು ನರ್ಸ್ ಅಲ್ಲ. ಆಸ್ಪತ್ರೆಯಲ್ಲಿ ಮೌಶಿ ಕೆಲಸ ಮಾಡುತ್ತಿದ್ದೆ. ಹೇಳಬೇಡ ಅಂದಿದ್ದಾರೆ” ಎಂದಳು. ಅವಳನ್ನು ವಾಪಸು ಕಳಿಸಲಿಲ್ಲ. ಇನ್ಸುಲಿನ್ ನಾನು, ನನ್ನ ಗಂಡ ಕೊಟ್ಟೆವು, ಉಳಿದದ್ದೆಲ್ಲ ಅವಳದು. ಹತ್ತನೆಯ ದಿನ ಅತ್ತೆಯ ಹಿಮ್ಮಡಿಯಲ್ಲಿ ಒತ್ತಿದರೂ ಮಾಸದ ಕೆಂಪು ಕಲೆ ಕಂಡು ಹೇಳಿದವಳು ಅವಳೇ. ಹಾಸಿಗೆ ಹುಣ್ಣಿನ ಮೊದಲ ಗುರುತು ಅದು. ನರ್ಸನ್ನು ಕರೆಸಿ ತೋರಿಸಿದೆವು, ಹುಣ್ಣಾಗುವ ಮೊದಲೇ ತಡೆಯಿತು.

ಹಾಸಿಗೆ ಹುಣ್ಣು ಅಂದಾಗ ನಮ್ಮವರೇ ಆದ ಅರುಣಾ ಶಾನಭಾಗ ನೆನಪಾಗುತ್ತಾರೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಡೆಸಿದ ಕ್ರೂರ ದಾಳಿಯ ನಂತರ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಹಾಸಿಗೆಯಲ್ಲೇ ಇದ್ದರು. ನೋಡಿಕೊಂಡವರು ಅಲ್ಲಿನ ನರ್ಸುಗಳು. ಅಷ್ಟು ವರ್ಷದಲ್ಲಿ ಅವರಿಗೆ ಹಾಸಿಗೆ ಹುಣ್ಣಾಗಲಿಲ್ಲ ಎಂಬ ಆಸ್ಪತ್ರೆಯ ಮಾತು ಸುಪ್ರೀಂ ಕೋರ್ಟಿನ 2011ರ ತೀರ್ಪಿನಲ್ಲಿ ದಾಖಲಾಗಿದೆ. ಮೈ ತೊಳೆಯುವುದು, ಉಣಿಸುವುದು, ಮಗ್ಗುಲು ಬದಲಿಸುವುದು: ನಾವು ಸಣ್ಣದೆಂದುಕೊಳ್ಳುವ ಈ ಕೆಲಸಗಳು, ಬಲ್ಲವರ ಕಣ್ಣಿನ ಕೆಳಗೆ ನಡೆದಾಗ ಎಂಥ ಫಲ ಕೊಡುತ್ತವೆ ನೋಡಿ.

ಅಮೆರಿಕದ ನರ್ಸಿಂಗ್ ಮಂಡಳಿಗಳು ಕೆಲಸ ಒಪ್ಪಿಸುವ ಮೊದಲು ಐದು ವಿಷಯ ನೋಡಿ ಎನ್ನುತ್ತವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಈ ಕೆಲಸ ಒಪ್ಪಿಸುವಂಥದ್ದೇ? ರೋಗಿಯ ಸ್ಥಿತಿ ಸ್ಥಿರವಾಗಿದೆಯೇ? ಮಾಡುವವರಿಗೆ ಬರುತ್ತದೆಯೇ? ಬಿಡಿಸಿ ಹೇಳಿದ್ದೇವೆಯೇ? ಮಾಡಿದ್ದನ್ನು ನೋಡುವವರಿದ್ದಾರೆಯೇ? ನಮ್ಮ ಆಫೀಸಿನಲ್ಲಿ ಹೊಸಬರಿಗೆ ಲಾಗಿನ್ ಕೊಡುತ್ತೇವೆ, ಅಡ್ಮಿನ್ ಪಾಸ್‌ವರ್ಡ್ ಕೊಡುವುದಿಲ್ಲ. ಮನೆಯಲ್ಲೂ ಹಾಗೆಯೇ. ಕೆಲಸ ಒಪ್ಪಿಸಬಹುದು, ಹೊಣೆ ನಮ್ಮಲ್ಲೇ ಉಳಿಯುತ್ತದೆ.

ಕೊನೆಗೊಂದು ಮಾತು. ಬಾರದ ಕೆಲಸವನ್ನು ಬಲವಂತವಾಗಿ ಮಾಡಿಸಿ ಏನಾದರೂ ಆದರೆ, ಬೈಗುಳ ತಿನ್ನುವವಳು, ಕೆಲಸ ಕಳೆದುಕೊಳ್ಳುವವಳು ಆ ಬಡ ಹೆಣ್ಣುಮಗಳು. “ನನಗೆ ಬರುವುದಿಲ್ಲ” ಎಂದು ಅವಳು ಹೆದರದೆ ಹೇಳುವಂತಿದ್ದರೆ ನಮ್ಮ ಹಿರಿಯರಿಗೂ ಕ್ಷೇಮ. ಕೂರಲು ಕುರ್ಚಿ, ಹೊತ್ತಿಗೆ ಊಟ, ಡಾಕ್ಟರ್ ಮತ್ತು ನರ್ಸಿನ ಫೋನ್ ನಂಬರು ಬರೆದ ಒಂದು ನೋಟ್‌ಬುಕ್: ಮೊದಲ ದಿನವೇ ಇಷ್ಟನ್ನು ಅವಳಿಗೆ ಕೊಡಿ.