ಒಂದು ವರ್ಷ ಬೆಂಚು: ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಟ್ರಾನ್ಸ್‌ಫರ್ ಜಗಳ

ಇವತ್ತು ಕ್ರಿಕೆಟ್ ಇಲ್ಲ, ಕಬಡ್ಡಿನೂ ಇಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಮಾತಾಡೋಣ. ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು. "ಕಾಲೇಜು ಮ್ಯಾಚ್ ತಾನೇ" ಅಂತ ಇಯರ್‌ಫೋನ್ ತೆಗೀಬೇಡಿ. ಮಿಶಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಸೀಟು ಇದೆ. ಎಂ.ಎಸ್. ಮಾಡೋಕೆ ಆ ಕಡೆ ಹೋದ ನಿಮ್ಮ ಅಣ್ಣನೋ ಅಕ್ಕನೋ ಇದ್ದರೆ ಕೇಳಿ ನೋಡಿ, ಶನಿವಾರ ಮ್ಯಾಚ್ ಇದ್ದರೆ ಊರು ಹೇಗಿರುತ್ತೆ ಅಂತ ಹೇಳ್ತಾರೆ.

ಮೊದಲು ನಿಯಮ ಏನು ಅಂತ ನೋಡೋಣ. ಅಲ್ಲಿ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ. ಬಹಳ ವರ್ಷ ಅವರ ನಿಯಮ ಹೀಗಿತ್ತು: ಒಬ್ಬ ಫುಟ್‌ಬಾಲ್ ಆಟಗಾರ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿದರೆ ಒಂದು ವರ್ಷ ಮ್ಯಾಚ್ ಆಡೋ ಹಾಗಿಲ್ಲ. ಪ್ರಾಕ್ಟೀಸ್ ಮಾಡಬಹುದು, ಕ್ಲಾಸಿಗೆ ಹೋಗಬಹುದು, ಆದರೆ ಶನಿವಾರ ಮ್ಯಾಚ್ ನಡೆಯುವಾಗ ಹೊರಗೆ ಕೂತಿರಬೇಕು. ನಮ್ಮಲ್ಲಿ ರಣಜಿ ಆಟಗಾರ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯಕ್ಕೆ ಆಡಬೇಕಾದರೆ ಹಳೇ ಸಂಸ್ಥೆಯ ಎನ್‌ಒಸಿ ತರಬೇಕು, ಅದು ನಿಮಗೆ ಗೊತ್ತು. ಉತ್ತಪ್ಪ ಸೌರಾಷ್ಟ್ರಕ್ಕೆ ಹೋದಾಗ, ಕರುಣ್ ನಾಯರ್ ವಿದರ್ಭಕ್ಕೆ ಹೋದಾಗ ನಾವೆಲ್ಲ ಓದಿದ್ದೀವಿ. ಅವರು ಎನ್‌ಒಸಿ ಸಿಕ್ಕ ಮೇಲೆ ಒಂದು ವರ್ಷ ಖಾಲಿ ಕೂರಲಿಲ್ಲ. ಅಮೆರಿಕದ ಹುಡುಗರು ಕೂರಬೇಕಿತ್ತು.

ತಪ್ಪಿಸಿಕೊಳ್ಳೋಕೆ ಒಂದು ಬಾಗಿಲು ಇತ್ತು, ವೇವರ್. ಅಂದರೆ ವಿನಾಯಿತಿ. "ನಾನು ಬಿಟ್ಟಿದ್ದಕ್ಕೆ ಗಟ್ಟಿ ಕಾರಣ ಇದೆ, ನನ್ನನ್ನ ತಕ್ಷಣ ಆಡೋಕೆ ಬಿಡಿ" ಅಂತ ಹೊಸ ಕಾಲೇಜು ಅರ್ಜಿ ಹಾಕಬೇಕು. ಹಳೇ ಕಾಲೇಜನ್ನೂ ಕೇಳ್ತಾರೆ. ಎನ್‌ಸಿಎಎ ಸಿಬ್ಬಂದಿ ತೀರ್ಮಾನ ಕೊಡ್ತಾರೆ, ಒಪ್ಪದಿದ್ದರೆ ಒಂದು ಸಮಿತಿಗೆ ಮೇಲ್ಮನವಿ. ಕಾರಣ ಮಾತ್ರ ಸಾರ್ವಜನಿಕವಾಗಿ ವಿವರವಾಗಿ ಹೇಳೋದಿಲ್ಲ. ವಿದ್ಯಾರ್ಥಿಯ ಖಾಸಗಿ ಮಾಹಿತಿ ಅಂತ ಮುಚ್ಚಿಡ್ತಾರೆ. ನನ್ನ ಪ್ರಕಾರ ಮುಂದಿನ ಜಗಳಕ್ಕೆಲ್ಲ ಬೀಜ ಬಿದ್ದಿದ್ದು ಇಲ್ಲೇ. ಕಾರಣ ಗೊತ್ತಿಲ್ಲದ ತೀರ್ಪು ಬಂದಾಗ ಫ್ಯಾನ್ ಏನ್ ಮಾಡ್ತಾನೆ? ತಾನೇ ಒಂದು ಕಾರಣ ಕಟ್ಟುತ್ತಾನೆ.

ಈಗ ಕತೆಗೆ ಬರ್ತೀನಿ. ನವೆಂಬರ್ 30, 2019. ಆನ್ ಆರ್ಬರ್‌ನಲ್ಲಿ ಮಿಶಿಗನ್ ಮತ್ತು ಒಹಾಯೊ ಸ್ಟೇಟ್ ಮ್ಯಾಚ್. ಅಲ್ಲಿನ ಜನ ಅದನ್ನ ಬರೀ "ದಿ ಗೇಮ್" ಅಂತಾರೆ, ಬೇರೆ ಹೆಸರೇ ಬೇಕಿಲ್ಲ. ಮಿಶಿಗನ್ ಕ್ವಾರ್ಟರ್‌ಬ್ಯಾಕ್ ಶೇ ಪ್ಯಾಟರ್ಸನ್, ಒಹಾಯೊ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್. ತಂಡದ ಆಟ ನಡೆಸೋ ಈ ಇಬ್ಬರೂ ಬೇರೆ ಕಾಲೇಜಿಂದ ಬಂದವರು, ಇಬ್ಬರೂ ವೇವರ್ ಪಡೆದು ಒಂದು ದಿನವೂ ಕಾಯದೆ ಆಡಿದವರು. ಇನ್ನೂ ಮಜಾ ಕೇಳಿ, ಇಬ್ಬರ ಅರ್ಜಿ ಹಿಂದೆ ಇದ್ದದ್ದು ಒಬ್ಬರೇ ವಕೀಲರು, ಟಾಮ್ ಮಾರ್ಸ್.

ಪ್ಯಾಟರ್ಸನ್ ಮೊದಲು ಇದ್ದದ್ದು ಮಿಸಿಸಿಪಿಯಲ್ಲಿ, ಅಲ್ಲಿನವರು ಒಲೆ ಮಿಸ್ ಅಂತ ಕರೆಯೋ ಕಾಲೇಜು. ಆಟಗಾರರನ್ನ ಸೇರಿಸಿಕೊಳ್ಳೋ ವಿಷಯದಲ್ಲಿ ನಿಯಮ ಮುರಿದಿದ್ದಕ್ಕೆ 2017ರ ಡಿಸೆಂಬರ್‌ನಲ್ಲಿ ಎನ್‌ಸಿಎಎ ಆ ತಂಡಕ್ಕೆ ಸೀಸನ್ ಕೊನೆಯ ಬೌಲ್ ಪಂದ್ಯ ಆಡದ ಹಾಗೆ ಶಿಕ್ಷೆ ಹಾಕಿತು. "ನಮ್ಮನ್ನ ಸೇರಿಸಿಕೊಳ್ಳುವಾಗ ತನಿಖೆ ಎಷ್ಟು ಗಂಭೀರ ಅಂತ ಮುಚ್ಚಿಟ್ಟರು" ಅನ್ನೋದು ಪ್ಯಾಟರ್ಸನ್ ವಾದ. ಒಲೆ ಮಿಸ್ ಮೊದಲು ಆಕ್ಷೇಪಿಸಿತು. ಆಮೇಲೆ ಮಾತುಕತೆ ಆಗಿ ಹೊಸದಾಗಿ ಅರ್ಜಿ ಸಿದ್ಧವಾಯಿತು, 2018ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ತು. ಮಿಶಿಗನ್ ಫ್ಯಾನ್‌ಗಳಿಗೆ ಹಬ್ಬ. ನ್ಯಾಯ ಗೆದ್ದಿತು, ಮೋಸ ಹೋದ ಹುಡುಗನಿಗೆ ಪರಿಹಾರ ಸಿಕ್ಕಿತು ಅಂತ ಅವರ ಮಾತು. ಒಹಾಯೊ ಕಡೆಯವರ ಪ್ರಕಾರ ಅದು ವಕೀಲನ ಕೈಚಳಕ.

ಹತ್ತು ತಿಂಗಳು ಬಿಟ್ಟು, 2019ರ ಫೆಬ್ರವರಿ. ಫೀಲ್ಡ್ಸ್ ಜಾರ್ಜಿಯಾದಲ್ಲಿ ಮೊದಲ ವರ್ಷದ ಹುಡುಗ, ಜೇಕ್ ಫ್ರಾಮ್ ಅನ್ನೋ ಕ್ವಾರ್ಟರ್‌ಬ್ಯಾಕ್ ಹಿಂದೆ ಎರಡನೇ ಸ್ಥಾನದಲ್ಲಿದ್ದ. 2018ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾಂಡ್‌ನಲ್ಲಿ ಕೂತಿದ್ದ ಅದೇ ಯೂನಿವರ್ಸಿಟಿಯ ಬೇಸ್‌ಬಾಲ್ ಆಟಗಾರನೊಬ್ಬ ಫೀಲ್ಡ್ಸ್ ಬಗ್ಗೆ ಜನಾಂಗೀಯ ಬೈಗುಳ ಕೂಗಿದ. ಅವನನ್ನ ತಂಡದಿಂದ ತೆಗೆದುಹಾಕಿದರು. ಸೀಸನ್ ಮುಗಿದ ಮೇಲೆ ಫೀಲ್ಡ್ಸ್ ಒಹಾಯೊ ಸ್ಟೇಟ್‌ಗೆ ಹೋದ, ವೇವರ್ ಸಿಕ್ತು. ಈಗ ನೋಡಿ, ಪಾತ್ರಗಳು ಅದಲು ಬದಲು. ಒಹಾಯೊದವರು "ಹುಡುಗನಿಗೆ ಸುರಕ್ಷಿತ ಜಾಗ ಬೇಕಿತ್ತು" ಅಂದರು. ಜಾರ್ಜಿಯಾದವರು "ಆಡೋ ಅವಕಾಶ ಸಿಗಲಿಲ್ಲ ಅಂತ ಹೋದ, ಅವನ ತಂಗಿ ನಮ್ಮ ಸಾಫ್ಟ್‌ಬಾಲ್ ತಂಡಕ್ಕೇ ಸೇರ್ತಿದ್ದಾಳಲ್ಲ" ಅಂದರು. ಮಿಶಿಗನ್‌ನವರಿಗೆ ಇದ್ದಕ್ಕಿದ್ದಂತೆ ನಿಯಮದ ಪಾವಿತ್ರ್ಯ ನೆನಪಾಯಿತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯಲ್ಲಿ ನೊಣ ಹುಡುಕೋದು ಅಂತಾರಲ್ಲ, ಅದೇ.

ನನಗೆ ಆ ಚರ್ಚೆಯಲ್ಲಿ ಬೇಜಾರಾಗಿದ್ದು ಏನು ಅಂದರೆ, ಬೈಸಿಕೊಂಡ ಹತ್ತೊಂಬತ್ತು ವರ್ಷದ ಹುಡುಗ "ನನಗೆ ಎಷ್ಟು ನೋವಾಯಿತು" ಅಂತ ಅಳತೆ ತೋರಿಸಬೇಕು ಅನ್ನೋ ಹಾಗೆ ಜನ ಮಾತಾಡಿದ್ದು. ನಡೆದದ್ದನ್ನ ಯಾರೂ ಅಲ್ಲಗಳೆಯಲಿಲ್ಲ. ಸಾಕಷ್ಟು ನೋವಾಗಿದೆಯಾ ಅನ್ನೋದೇ ಪ್ರಶ್ನೆ! ಅವನಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಇರಲಿ ಬಿಡಿ. ನಾವು ಕೆಲಸ ಬಿಡುವಾಗ ಒಂದೇ ಕಾರಣಕ್ಕೆ ಬಿಡ್ತೀವಾ?

ಮ್ಯಾಚ್ ಏನಾಯಿತು ಅಂತೀರಾ? ಒಹಾಯೊ ಸ್ಟೇಟ್ 56, ಮಿಶಿಗನ್ 27. ಫೀಲ್ಡ್ಸ್ ನಾಲ್ಕು ಟಚ್‌ಡೌನ್ ಪಾಸ್. ಮಧ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಹೋದ, ವಾಪಸ್ ಬಂದು ತಕ್ಷಣ ಒಂದು ಟಚ್‌ಡೌನ್ ಎಸೆದ. ಮಿಶಿಗನ್‌ಗೆ ಸತತ ಎಂಟನೇ ಸೋಲು. ಆ ರಾತ್ರಿ ವೇವರ್ ಬಗ್ಗೆ ದೂರೋಕೆ ಮಿಶಿಗನ್‌ನವರಿಗೆ ಬಾಯಿ ಇರಲಿಲ್ಲ, ಅವರ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಬಾಗಿಲಿಂದ ಬಂದವನು.

ಇಲ್ಲಿಗೆ ಇದು ತಮಾಷೆ ಕತೆ. ಅದೇ ವರ್ಷದ ಇನ್ನೊಂದು ಕತೆ ತಮಾಷೆ ಅಲ್ಲ.

ಬ್ರಾಕ್ ಹಾಫ್‌ಮನ್ ಅಂತ ಒಬ್ಬ ಲೈನ್‌ಮನ್. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಹಾಗೆ ನಿಲ್ಲೋರು ಇವರು, ಟಿವಿಯಲ್ಲಿ ಇವರ ಹೆಸರು ಕೇಳೋದೇ ಅಪರೂಪ. ಅವನ ತಾಯಿಗೆ ಮೆದುಳಿನ ಗೆಡ್ಡೆಯ ಆಪರೇಷನ್ ಆಗಿತ್ತು, ಅದರ ಪರಿಣಾಮಗಳು ಉಳಿದಿದ್ದವು. ಮನೆ ಹತ್ತಿರ ಇರಬೇಕು ಅಂತ ಕೋಸ್ಟಲ್ ಕ್ಯಾರೊಲಿನಾ ಬಿಟ್ಟು ವರ್ಜೀನಿಯಾ ಟೆಕ್‌ಗೆ ಬಂದ. ಕುಟುಂಬದ ಅನಾರೋಗ್ಯದ ಕಾರಣಕ್ಕೆ ವೇವರ್ ಬೇಕಾದರೆ ಹೊಸ ಕಾಲೇಜು ಮನೆಯಿಂದ 100 ಮೈಲಿ ಒಳಗಿರಬೇಕು ಅನ್ನೋದು ಮಾರ್ಗಸೂಚಿ. ವರ್ಜೀನಿಯಾ ಟೆಕ್ ಇದ್ದದ್ದು 105 ಮೈಲಿ ದೂರದಲ್ಲಿ. ತಾಯಿಯ ಸ್ಥಿತಿ ಸುಧಾರಿಸಿದೆ, ದೂರವೂ ಜಾಸ್ತಿ ಅಂತ ಅರ್ಜಿ ತಿರಸ್ಕಾರ ಆಯಿತು ಅಂತ ಅವನೇ ಹೇಳಿಕೊಂಡ. ಮೇಲ್ಮನವಿಯೂ ಬಿತ್ತು. 2019 ಪೂರ್ತಿ ಅವನು ಆಡಲಿಲ್ಲ. ಐದು ಮೈಲಿ, ಅಂದರೆ ಎಂಟು ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಹೋದ ಹಾಗೆ.

ಲ್ಯೂಕ್ ಫೋರ್ಡ್ ಅಂತ ಇನ್ನೊಬ್ಬ, ಫೀಲ್ಡ್ಸ್ ಇದ್ದ ಜಾರ್ಜಿಯಾ ತಂಡದವನೇ. ಹುಷಾರಿಲ್ಲದ ಅಜ್ಜನ ಹತ್ತಿರ ಇರಬೇಕು ಅಂತ ತನ್ನ ಸ್ವಂತ ರಾಜ್ಯ ಇಲಿನಾಯ್‌ಗೆ ವಾಪಸ್ ಬಂದ. ಅವನಿಗೂ ಇಲ್ಲ. ಕಾಲೇಜಿಂದ ಊರು ದೂರ, ಮತ್ತೆ ಅಜ್ಜ ಅಂದರೆ ಹತ್ತಿರದ ಕುಟುಂಬದ ಲೆಕ್ಕಕ್ಕೆ ಬರಲ್ಲ. ಅಜ್ಜನ ತೊಡೆ ಮೇಲೆ ಬೆಳೆದ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಅರ್ಥ ಆಗುತ್ತೆ ಹೇಳಿ.

ಇಲ್ಲಿ ಎದುರಾಳಿ ಫ್ಯಾನ್‌ಗಳು ಏನಂದರು ಅನ್ನೋದು ಗಮನಿಸಬೇಕಾದ ಮಾತು. ಹಾಫ್‌ಮನ್ ವಿಷಯದಲ್ಲಿ ಬೈಗುಳ ಬಿದ್ದಿದ್ದು ಹುಡುಗನಿಗಲ್ಲ, ಎನ್‌ಸಿಎಎಗೆ. ಆದರೆ ಆ ಸಿಟ್ಟಿನ ಜೊತೆಗೇ ಇನ್ನೊಂದು ಸಾಲು ಬರ್ತಿತ್ತು, "ಫೀಲ್ಡ್ಸ್‌ಗೆ ಕೊಟ್ಟಿರಲ್ಲ, ಇವನಿಗೆ ಯಾಕಿಲ್ಲ?" ಪ್ರಶ್ನೆ ಸರಿಯೇ. ಆದರೆ ಅದನ್ನ ಕೇಳಿದ ಎಷ್ಟೋ ಜನಕ್ಕೆ ಬೇಕಿದ್ದದ್ದು ಹಾಫ್‌ಮನ್ ಆಡೋದಲ್ಲ, ಫೀಲ್ಡ್ಸ್ ಕೂರೋದು.

ನಾನು ಬಿ.ಕಾಂ. ಓದಿದವನು, ನನ್ನ ಕಣ್ಣು ದುಡ್ಡಿನ ಕಡೆಗೇ ಹೋಗುತ್ತೆ. ಈ ನಿಯಮವನ್ನ ಕ್ರೀಡಾ ನಿಯಮ ಅಂತ ಬಿಟ್ಟು ಕೆಲಸದ ಮಾರುಕಟ್ಟೆಯ ನಿಯಮ ಅಂತ ನೋಡಿ. ಕಂಪನಿ ಬಿಟ್ಟು ಎದುರಾಳಿ ಕಂಪನಿ ಸೇರಿದರೆ ಒಂದು ವರ್ಷ ಕೆಲಸ ಮಾಡಬಾರದು ಅಂದ ಹಾಗೆ. ಆದರೆ ಮ್ಯಾನೇಜರ್‌ಗೆ ಆ ಶರತ್ತು ಇಲ್ಲ! 2021ರ ನವೆಂಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಕೋಚ್ ಲಿಂಕನ್ ರೈಲಿ ಒಕ್ಲಹೋಮಾ ಬಿಟ್ಟು ಯುಎಸ್‌ಸಿಗೆ, ಬ್ರಯಾನ್ ಕೆಲ್ಲಿ ನೋಟ್ರ್ ಡೇಮ್ ಬಿಟ್ಟು ಎಲ್‌ಎಸ್‌ಯುಗೆ ಹೋದರು. ಅವರನ್ನ ಒಂದು ವರ್ಷ ಮನೇಲಿ ಕೂರಿಸಿದವರು ಯಾರೂ ಇಲ್ಲ. ಅಷ್ಟೊತ್ತಿಗೆ ಆಟಗಾರರಿಗೂ ಸ್ವಲ್ಪ ಸಡಿಲಿಕೆ ಸಿಕ್ಕಿತ್ತು ಅನ್ನಿ. 2021ರ ಏಪ್ರಿಲ್‌ನಿಂದ ಮೊದಲ ಸಲ ಕಾಲೇಜು ಬದಲಿಸಿದರೆ ಕೂರಬೇಕಿಲ್ಲ. ಎರಡನೇ ಸಲ ಆದರೆ ಮತ್ತೆ ವೇವರ್ ಕೇಳಬೇಕಿತ್ತು.

ಆ ಎರಡನೇ ಸಲದಲ್ಲೇ ಟೆಜ್ ವಾಕರ್ ಸಿಕ್ಕಿಹಾಕಿಕೊಂಡಿದ್ದು. ಈ ಹುಡುಗ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನವನು. ಸೇರಿದ್ದ ನಾರ್ತ್ ಕ್ಯಾರೊಲಿನಾ ಸೆಂಟ್ರಲ್ ಕಾಲೇಜು ಕೋವಿಡ್‌ನಿಂದ 2020ರ ಸೀಸನ್ನೇ ರದ್ದು ಮಾಡಿತು, ಅಲ್ಲಿ ಅವನು ಒಂದು ಮ್ಯಾಚೂ ಆಡಲಿಲ್ಲ. ಕೆಂಟ್ ಸ್ಟೇಟ್‌ಗೆ ಹೋದ. ಅಜ್ಜಿ ತನ್ನ ಆಟ ನೋಡಲಿ ಅಂತ 2023ರಲ್ಲಿ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಗೆ ಬಂದ. ಅವನು ಬಂದ ಮೇಲೆ ಎನ್‌ಸಿಎಎ ಎರಡನೇ ಟ್ರಾನ್ಸ್‌ಫರ್ ಮಾರ್ಗಸೂಚಿ ಬಿಗಿ ಮಾಡಿತು. ಆಡದೇ ಇದ್ದ ಕಾಲೇಜನ್ನೂ ಲೆಕ್ಕಕ್ಕೆ ಸೇರಿಸಿ, ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯನ್ನೂ ತಿರಸ್ಕರಿಸಿದರು. ಕೋಚ್ ಮ್ಯಾಕ್ ಬ್ರೌನ್ ನಿಮಗೆ ನಾಚಿಕೆಯಾಗಬೇಕು ಅಂತ ಬಹಿರಂಗವಾಗಿಯೇ ಎನ್‌ಸಿಎಎಯನ್ನ ಬೈದರು.

ಮುಂದಾದದ್ದು ಕೆಟ್ಟದ್ದು. ತೀರ್ಮಾನ ಕೊಟ್ಟ ಸಮಿತಿಯ ಸದಸ್ಯರಿಗೆ ಹಿಂಸೆಯ ಬೆದರಿಕೆಗಳು ಬಂದವು ಅಂತ ಎನ್‌ಸಿಎಎ ಮಂಡಳಿಯೇ ಹೇಳಿಕೆ ಕೊಟ್ಟಿತು. ಆ ಸಮಿತಿಯಲ್ಲಿ ಇರೋರು ಬೇರೆ ಬೇರೆ ಕಾಲೇಜುಗಳಲ್ಲಿ ಕೆಲಸ ಮಾಡೋ ಜನ, ಸಂಬಳ ತಗೊಂಡು ಕೂರೋ ಜಡ್ಜ್‌ಗಳಲ್ಲ. ವಾಕರ್ ಪರ ಇದ್ದವರ ವಾದ ಸರಿ ಇತ್ತು ಅಂತ ನಾನು ಈಗಲೂ ಹೇಳ್ತೀನಿ. ಆದರೆ ಫೋನ್ ಹಿಡ್ಕೊಂಡು ಯಾವುದೋ ಗುಮಾಸ್ತರಿಗೆ ಬೆದರಿಕೆ ಹಾಕಿದವನು ಹುಡುಗನ ಪರ ಇರಲಿಲ್ಲ, ತನ್ನ ತಂಡದ ಪಾಯಿಂಟ್‌ಗಳ ಪರ ಇದ್ದ. ಅಕ್ಟೋಬರ್ 5ಕ್ಕೆ, ಹೊಸ ಮಾಹಿತಿ ಬಂದಿದೆ ಅಂತ ಎನ್‌ಸಿಎಎ ಅನುಮತಿ ಕೊಟ್ಟಿತು. ಮುಂದಿನ ವಾರ ಮಯಾಮಿ ವಿರುದ್ಧ ವಾಕರ್ ಮೂರು ಟಚ್‌ಡೌನ್ ಹೊಡೆದ.

ಕೊನೆಗೆ ಬಾಗಿಲು ಮುರಿದದ್ದು ಕೋರ್ಟು. 2023ರ ಡಿಸೆಂಬರ್‌ನಲ್ಲಿ ಒಹಾಯೊ ಸೇರಿ ಏಳು ರಾಜ್ಯಗಳು ದಾವೆ ಹೂಡಿದವು, ಇದು ಸ್ಪರ್ಧೆಯನ್ನ ತಡೆಯೋ ನಿಯಮ, ಆಂಟಿಟ್ರಸ್ಟ್ ಕಾನೂನಿಗೆ ವಿರುದ್ಧ ಅಂತ. ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಧೀಶ ಜಾನ್ ಪ್ರೆಸ್ಟನ್ ಬೇಲಿ 14 ದಿನಗಳ ತಡೆ ಕೊಟ್ಟರು. ಇದರಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಂಶ ಇದೆ. ಎನ್‌ಸಿಎಎ ಹತ್ತಿರ ಇನ್ನೊಂದು ನಿಯಮ ಇತ್ತು: ಕೋರ್ಟ್ ಆದೇಶ ನಂಬಿ ಆಟಗಾರನನ್ನ ಆಡಿಸಿ, ಆಮೇಲೆ ಆ ಆದೇಶ ರದ್ದಾದರೆ, ಗೆದ್ದ ಮ್ಯಾಚ್‌ಗಳನ್ನೂ ಕಿತ್ತುಕೊಳ್ಳಬಹುದು. ಅಂದರೆ ಕೋರ್ಟು ಹೂಂ ಅಂದರೂ ಕಾಲೇಜು ಹೆದರಿ ಆಡಿಸಲ್ಲ. ನ್ಯಾಯಾಧೀಶರು ಅದನ್ನೂ ಜಾರಿ ಮಾಡಬೇಡಿ ಅಂದರು. ಆಮೇಲೆ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯೂ ರಾಜ್ಯಗಳ ಜೊತೆ ಸೇರಿತು. 2024ರ ಏಪ್ರಿಲ್‌ನಲ್ಲಿ ಎನ್‌ಸಿಎಎ ನಿಯಮವನ್ನೇ ಬದಲಿಸಿತು: ಓದಿನಲ್ಲಿ ಪಾಸಾಗ್ತಾ ಇದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ, ತಕ್ಷಣ ಆಡಿ.

ಈಗ ಹುಡುಗರು ವರ್ಷಕ್ಕೊಂದು ಜೆರ್ಸಿ ಹಾಕ್ತಾರೆ ಅಂತ ಹಳೇ ಫ್ಯಾನ್‌ಗಳಿಗೆ ಬೇಸರ ಇದೆ. ಆ ಬೇಸರ ಸುಳ್ಳಲ್ಲ. ನಾಲ್ಕು ವರ್ಷ ಒಬ್ಬ ಹುಡುಗ ಬೆಳೆಯೋದನ್ನ ನೋಡೋ ಸುಖ ಕಡಿಮೆ ಆಗಿದೆ. ಸಣ್ಣ ಕಾಲೇಜು ತಿದ್ದಿ ತೀಡಿದ ಆಟಗಾರನನ್ನ ದೊಡ್ಡ ಕಾಲೇಜು ದುಡ್ಡು ತೋರಿಸಿ ಎತ್ಕೊಂಡು ಹೋಗುತ್ತೆ. ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಹಾಫ್‌ಮನ್‌ನಂಥವನನ್ನ ಐದು ಮೈಲಿಗಾಗಿ ಕೂರಿಸೋದಂತೂ ಉತ್ತರ ಅಲ್ಲ.

ಜಗಳ ಈಗ ಬೇರೆ ಮನೆಗೆ ಹೋಗಿದೆ. ಎಲ್ಲಿ ಆಡಬಹುದು ಅನ್ನೋದು ಮುಗೀತು, ಎಷ್ಟು ವರ್ಷ ಆಡಬಹುದು ಅನ್ನೋದು ಶುರುವಾಗಿದೆ. ವ್ಯಾಂಡರ್‌ಬಿಲ್ಟ್‌ನ ಡಿಯೇಗೊ ಪಾವಿಯಾ 2024ರ ಅಕ್ಟೋಬರ್‌ನಲ್ಲಿ ಅಲಬಾಮಾವನ್ನ 40–35ರಿಂದ ಸೋಲಿಸಿದ ತಂಡದ ಕ್ವಾರ್ಟರ್‌ಬ್ಯಾಕ್. ಜೂನಿಯರ್ ಕಾಲೇಜಲ್ಲಿ ಆಡಿದ ವರ್ಷಗಳನ್ನ ಲೆಕ್ಕಕ್ಕೆ ಹಿಡೀಬೇಡಿ ಅಂತ ಕೋರ್ಟ್‌ಗೆ ಹೋದ, ಡಿಸೆಂಬರ್‌ನಲ್ಲಿ ಗೆದ್ದ, 2025ರಲ್ಲೂ ಆಡೋ ಅವಕಾಶ ಪಡೆದ. "ಇವನಿಗೆ ಇನ್ನೂ ಎಷ್ಟು ವಯಸ್ಸಪ್ಪ" ಅಂತ ಎದುರಾಳಿ ಊರುಗಳಲ್ಲಿ ಜೋಕ್ ಶುರು. ಆಮೇಲೆ ಎನ್‌ಸಿಎಎ ಅವನ ಹಾಗೇ ಜೂನಿಯರ್ ಕಾಲೇಜಿಂದ ಬಂದ ಬೇರೆ ಆಟಗಾರರಿಗೂ ಒಂದು ವರ್ಷ ಕೊಟ್ಟಿತು. ಜೋಕ್ ಮಾಡಿದ ಕೆಲವು ಊರುಗಳಿಗೂ ಅದರಿಂದ ಒಬ್ಬಿಬ್ಬರು ಹುಡುಗರು ಉಳಿದರು. ಅವರ ಬಗ್ಗೆ ಅಲ್ಲಿ ಯಾರೂ ವಯಸ್ಸು ಕೇಳಲಿಲ್ಲ.

ನಿಮ್ಮ ಕಾಲೇಜು ತಂಡದಲ್ಲಿ, ಕ್ಲಬ್‌ನಲ್ಲಿ ಟ್ರಾನ್ಸ್‌ಫರ್ ಅಂತ, ಎನ್‌ಒಸಿ ಅಂತ ಯಾರಾದರೂ ಅಲೆದಾಡಿದ್ದರೆ ವಾಯ್ಸ್ ನೋಟ್ ಕಳಿಸಿ, ಎರಡು ನಿಮಿಷದ ಒಳಗಿರಲಿ. ಮುಂದಿನ ವಾರ ಸಿಗೋಣ.